ನಿಂತವರು, ಎಡದಿಂದ ಬಲಕ್ಕೆ

ಮಹಾರಾಜ ಕಾಲೇಜಿನ ಬಗ್ಗೆ ಮಾತಾಡಲು ಎದ್ದು ನಿಂತವರು ಯಾರೇ ಇರಲಿ, ಸಾರೋಟಿನ ಪ್ರಸಂಗ ಹೇಳದೆ ಕುಳಿತುಕೊಳ್ಳುವುದಿಲ್ಲ. 1918ರಿಂದ ಇಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಹೊರಟರು. ಹುಡುಗರು ಸಾರೋಟನ್ನು ಹೂವಿನಿಂದ ಸಿಂಗರಿಸಿದರು. ಕುದುರೆ ಕಟ್ಟಗೊಡದೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಒಳಗೆ ಕುಳಿತಿದ್ದವರು ಮುಂದೆ ರಾಷ್ಟ್ರಪತಿಯಾದರು, ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತು. ಇದೆಲ್ಲ ನಮಗೆ ಬಾಯಿಪಾಠ. ಆದರೆ ಸಾರೋಟು ಎಳೆದವರು ಯಾರು? ಅವರೆಲ್ಲ ಈ ಕಾಲೇಜಿನವರೇ, ನಮ್ಮ ಹಿರಿಯ ಓರಗೆಯವರೇ. ಒಬ್ಬನ ಹೆಸರನ್ನಾದರೂ ಯಾವ ಭಾಷಣಕಾರರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸ್ಮರಣ ಸಂಚಿಕೆಗೆ ಕಾಲೇಜಿನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗಲೇ ಈ ಪ್ರಶ್ನೆ ತಲೆಯಲ್ಲಿ ಕೂತಿತ್ತು. ಹಾಗಾಗಿ ಚರಿತ್ರೆಯನ್ನು ಬೇಗ ಮುಗಿಸಿ ಆ ಕಡೆಗೇ ಬರುತ್ತೇನೆ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. ಶುಲ್ಕವಿಲ್ಲದ, ರಾಜರ ಖರ್ಚಿನ ಶಾಲೆ. ಅವರ ಕೈಯಿಂದ ರಾಜ್ಯಭಾರ ತಪ್ಪಿ ಎರಡು ವರ್ಷವಾಗಿತ್ತು ಅಷ್ಟೆ. ಆಳುವ ಅಧಿಕಾರವಿಲ್ಲದ ದೊರೆಯೊಬ್ಬ ಮಾಡಿದ ಕೆಲಸಗಳಲ್ಲಿ ಇದರಷ್ಟು ಬಾಳಿಕೆ ಬಂದದ್ದು ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಶಾಲೆ ಬೆಳೆದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಯಿತು. ಈಗಿನ ಕಟ್ಟಡಕ್ಕೆ 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಆಧಾರವಾಗಿ ನಿಂತ ಕಾಲೇಜುಗಳು ಎರಡು: ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಮುಂದೆ ಬೆಂಗಳೂರು ವಿಜ್ಞಾನಕ್ಕೆ, ಮೈಸೂರು ಕಲೆ ಮತ್ತು ಸಾಹಿತ್ಯಕ್ಕೆ ಎಂಬ ಹಂಚಿಕೆ ಆಯಿತು. ನಮ್ಮ ಕಾಲೇಜಿನಲ್ಲಿ ಕವಿಗಳೂ ತತ್ತ್ವಜ್ಞಾನಿಗಳೂ ಹೆಜ್ಜೆಹೆಜ್ಜೆಗೂ ಎಡತಾಕಲು ಈ ಹಂಚಿಕೆಯೂ ಒಂದು ಕಾರಣ. ಮಣ್ಣಿನ ಗುಣ ಎಂದು ಎದೆಯುಬ್ಬಿಸುವ ಅಗತ್ಯವಿಲ್ಲ.

ಇದ್ದ ಮೇಷ್ಟ್ರುಗಳಾದರೂ ಎಂಥವರು! ಸಂಸ್ಕೃತಕ್ಕೆ ಎಂ. ಹಿರಿಯಣ್ಣ, ಇಂಗ್ಲಿಷಿಗೆ ಬಿ.ಎಂ. ಶ್ರೀಕಂಠಯ್ಯ, ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿ. ಕನ್ನಡ ಎಂ.ಎ. ತರಗತಿ 1927ರಲ್ಲಿ ಶುರುವಾಯಿತು. 1929ರಲ್ಲಿ ಅದರಲ್ಲಿ ತೇರ್ಗಡೆಯಾಗಿ ಅದೇ ವರ್ಷ ಅಲ್ಲೇ ಪಾಠ ಹೇಳಲು ನಿಂತ ತರುಣ ಕೆ.ವಿ. ಪುಟ್ಟಪ್ಪ 1955ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾದರು, ಮಾರನೆಯ ವರ್ಷ ಕುಲಪತಿಯಾದರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷ ಕಳೆದು ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾದಾಗ ಶಿಷ್ಯ ಅದನ್ನು ಒಪ್ಪಿಸಿದ್ದು ಆ ಗುರುವಿಗೇ. ಅಲ್ಲಿಗೆ ಗುರುಶಿಷ್ಯ ಸಂಬಂಧದ ಮಾತು ಮುಗಿಯಿತು. ಅದಕ್ಕಿಂತ ಮೇಲೆ ಹೇಳಲು ಏನಿದೆ?

ಹಳೆಯ ವಿದ್ಯಾರ್ಥಿಗಳ ಸಂಘ ಅಂದರೆ ಅಧ್ಯಕ್ಷರು, ಖಜಾಂಚಿ, ವರ್ಷಕ್ಕೊಂದು ಊಟ ಎಂದು ನಾವು ತಿಳಿದಿದ್ದೇವೆ. ನನಗೆ ಅನ್ನಿಸುವಂತೆ ಈ ಕಾಲೇಜಿನ ನಿಜವಾದ ಹಳೆಯ ವಿದ್ಯಾರ್ಥಿ ಸಂಘ ಕೆಲಸ ಮಾಡಿದ್ದು ಪುಸ್ತಕಗಳ ಮೂಲಕ. 1941ರಲ್ಲಿ ಬಿ.ಎಂ.ಶ್ರೀ. ಅವರಿಗೆ ಶಿಷ್ಯರೂ ಗೆಳೆಯರೂ ಸೇರಿ ‘ಸಂಭಾವನೆ’ ಅರ್ಪಿಸಿದರು. ಕನ್ನಡದ ಮೊದಲ ಅಭಿನಂದನ ಗ್ರಂಥ ಎಂಬ ಹೆಸರು ಅದಕ್ಕಿದೆ. ಆಮೇಲೆ ಕೃಷ್ಣಶಾಸ್ತ್ರಿಗಳಿಗೆ ‘ಅಭಿವಂದನೆ’, ಡಿ.ಎಲ್. ನರಸಿಂಹಾಚಾರ್ಯರಿಗೆ ‘ಉಪಾಯನ’. ಒಂದೊಂದು ಗ್ರಂಥದ ಹಿಂದೆಯೂ ಶಿಷ್ಯರ ಓಡಾಟವಿದೆ. ಒಬ್ಬ ಲೇಖನಕ್ಕೆ ಪತ್ರ ಬರೆಯಬೇಕು, ಒಬ್ಬ ಕಾಗದಕ್ಕೆ ಹಣ ಹೊಂದಿಸಬೇಕು, ಒಬ್ಬ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಬೇಕು. ಬೇರೆ ಬೇರೆ ಊರಿಗೆ ವರ್ಗವಾಗಿ ಚದುರಿಹೋದವರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಇಂಥ ಕೆಲಸಗಳ ನೆಪದಲ್ಲಿ. ಆದರೆ ಒಂದು ಕೊರತೆ. ನೆನಪು ಯಾವಾಗಲೂ ಮೇಲಕ್ಕೇ ಹರಿಯಿತು, ಗುರುವಿನ ಕಡೆಗೆ. ಪಕ್ಕದ ಬೆಂಚಿನವನ ಕಡೆಗೆ ಹರಿದದ್ದು ಕಡಿಮೆ.

ಆ ಪಕ್ಕದ ಬೆಂಚಿನವನು ಸಾಮಾನ್ಯನಲ್ಲ. ಆರ್.ಕೆ. ನಾರಾಯಣರ ಕಥೆ ನೋಡಿ. ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲೇ ಒಮ್ಮೆ ನಪಾಸಾಗಿ, ಎಲ್ಲರೂ ಮೂರು ವರ್ಷದಲ್ಲಿ ಮುಗಿಸುವ ಬಿ.ಎ.ಯನ್ನು ನಾಲ್ಕು ವರ್ಷ ಓದಿ, 1930ರಲ್ಲಿ ಪದವಿ ಪಡೆದರು. ಎಂ.ಎ.ಗೆ ಸೇರೋಣವೆಂದು ಹೊರಟವರಿಗೆ ಒಬ್ಬ ಗೆಳೆಯ, ಸಾಹಿತ್ಯದ ರುಚಿ ಕೆಡಬೇಕೆಂದಿದ್ದರೆ ಎಂ.ಎ. ಓದು ಎಂಬ ಅರ್ಥದ ಮಾತಾಡಿ ತಿರುಗಿಸಿ ಕಳಿಸಿದ. ನಾರಾಯಣ್ ಸೇರಲಿಲ್ಲ. ಐದು ವರ್ಷಕ್ಕೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ಮಾಲ್ಗುಡಿ ಕಟ್ಟಿದ ಕೀರ್ತಿಯಲ್ಲಿ ಆ ಗೆಳೆಯನಿಗೂ ಒಂದು ಪಾಲು ಸಲ್ಲಬೇಕು. ಅವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಹಪಾಠಿಗಳ ಉಪಕಾರವೆಲ್ಲ ಇಂಥದೇ: ಹಜಾರದಲ್ಲಿ ಆಡಿದ ಒಂದು ಮಾತು, ಪರೀಕ್ಷೆಯ ಹಿಂದಿನ ರಾತ್ರಿ ಕೊಟ್ಟ ನೋಟ್ಸು, ಹಾಸ್ಟೆಲಿನ ಊಟದಲ್ಲಿ ಹಂಚಿಕೊಂಡ ಒಂದು ತುತ್ತು. ಇವಕ್ಕೆ ರಸೀತಿ ಇರುವುದಿಲ್ಲ.

ತರಗತಿಯಲ್ಲಿ ರಾಜನೂ ಕೂತಿದ್ದ. ಜಯಚಾಮರಾಜ ಒಡೆಯರು 1938ರಲ್ಲಿ ಇದೇ ಕಾಲೇಜಿನಿಂದ ಬಿ.ಎ. ಪದವಿ ಪಡೆದರು, ಎರಡೇ ವರ್ಷಕ್ಕೆ ಪಟ್ಟಕ್ಕೆ ಬಂದರು. ಹಾಜರಿ ಕೂಗುವಾಗ ಅವರ ಹೆಸರಿನ ಹಿಂದುಮುಂದಿನ ಹೆಸರಿನವರು ಯಾವ ಊರಿನವರೋ, ಆ ತರಗತಿಯ ಎಷ್ಟು ಜನ ಮುಂದೆ ಅದೇ ಸಹಪಾಠಿಯ ಸರ್ಕಾರದಲ್ಲಿ ಅಮಲ್ದಾರರಾಗಿ, ಶೇಕ್‌ದಾರರಾಗಿ ದುಡಿದರೋ, ಊಹಿಸಿಕೊಳ್ಳಲು ಸೊಗಸು. ಅರಸೊತ್ತಿಗೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ರಾಮಸ್ವಾಮಿ ಎಂಬ ವಿದ್ಯಾರ್ಥಿಯ ಹೆಸರು ನಮ್ಮ ಕಾಲೇಜಿನಿಂದ ಕೂಗಳತೆಯ ದೂರದಲ್ಲಿದೆ; ‘ರಾಮಸ್ವಾಮಿ ಸರ್ಕಲ್ ಇಳ್ಕೊಳ್ಳಿ’ ಎಂದು ಸಿಟಿ ಬಸ್ಸಿನ ಕಂಡಕ್ಟರು ದಿನವೂ ಕೂಗುತ್ತಾನೆ. ಒಂದಿಡೀ ಪೀಳಿಗೆಯ ಹುಡುಗರಲ್ಲಿ ಹೀಗೆ ಊರಿನ ನಾಲಗೆಯ ಮೇಲೆ ಉಳಿದದ್ದು ಅದೊಂದೇ ಹೆಸರು.

ಉಳಿದವರು ಎಲ್ಲಿದ್ದಾರೆ? ಗ್ರೂಪ್ ಫೋಟೊದಲ್ಲಿ.

ನಮ್ಮ ತಂಡದ್ದೊಂದು ನನ್ನ ಬಳಿ ಇದೆ. ದಪ್ಪ ರಟ್ಟಿಗೆ ಅಂಟಿಸಿದ್ದು, ಮೇಲೆ ಕಾಲೇಜಿನ ಹೆಸರು, ಕೆಳಗೆ ಚಿಕ್ಕ ಅಕ್ಷರದಲ್ಲಿ ಹೆಸರಿನ ಪಟ್ಟಿ. ‘ಕುಳಿತವರು, ಎಡದಿಂದ ಬಲಕ್ಕೆ’ ಎಂಬ ಸಾಲಿನಲ್ಲಿ ಪ್ರಾಂಶುಪಾಲರು, ಪ್ರಾಧ್ಯಾಪಕರು. ಕೋಟಿನ ಗುಂಡಿ ಹಾಕಿ, ಕೈಗಳನ್ನು ಮಂಡಿಯ ಮೇಲಿಟ್ಟವರು. ‘ನಿಂತವರು, ಎಡದಿಂದ ಬಲಕ್ಕೆ’ ಎಂಬಲ್ಲಿಂದ ನಾವು. ಹಿಂದಿನ ಸಾಲಿನವರು ಬೆಂಚಿನ ಮೇಲೆ ಹತ್ತಿದ್ದಾರೆ, ಒಬ್ಬನ ಮುಖ ಮುಂದಿನವನ ತಲೆಯ ಹಿಂದೆ ಅರ್ಧ ಮರೆಯಾಗಿದೆ, ಇನ್ನೊಬ್ಬ ಫೋಟೊ ಹೊಡೆಯುವ ಹೊತ್ತಿಗೇ ಕಣ್ಣು ಮುಚ್ಚಿದ್ದಾನೆ. ತೀರ ಬಲತುದಿಯಲ್ಲಿ, ಸಾಲಿಗೆ ಸೇರಿಯೂ ಸೇರದಂತೆ, ಡಿಪಾರ್ಟ್‌ಮೆಂಟಿನ ಅಟೆಂಡರು. ಹಾಜರಿ ಕಡಿಮೆಯಾದವರಿಗೆ ಮೇಷ್ಟ್ರ ಕೋಪ ಎಷ್ಟು ಡಿಗ್ರಿಯಲ್ಲಿದೆ ಎಂದು ಮುಂಚೆಯೇ ತಿಳಿಸುತ್ತಿದ್ದವರು ಅವರು. ನಾವು ಅವರನ್ನು ಕರೆಯುತ್ತಿದ್ದದ್ದು ‘ಅಣ್ಣ’ ಎಂದು. ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಪಟ್ಟಿಯ ಒಂದು ಮೂಲೆಯನ್ನು ಬೆಳ್ಳಿಹುಳ ತಿಂದಿರುವುದರಿಂದ ಮೂರನೆಯ ಸಾಲಿನ ನಾಲ್ಕಾರು ಗೆಳೆಯರು ಈಗ ಮುಖವಾಗಿ ಮಾತ್ರ ಉಳಿದಿದ್ದಾರೆ.

ಬಹಳ ಕಾಲ ನಾನು ಈ ಫೋಟೊವನ್ನೇ ನಮ್ಮ ಇಡೀ ತರಗತಿ ಎಂದುಕೊಂಡಿದ್ದೆ. ಅದು ಇಡೀ ತರಗತಿಯಲ್ಲ. ಫೋಟೊಗೆ ದುಡ್ಡು ಕೊಡಬೇಕಿತ್ತು. ಕೊಡಲಾಗದವರು ಆ ದಿನ ಊರಿಗೆ ಹೋಗುವ ನೆಪ ಹೇಳಿದರು. ಮೈಸೂರಿಗೆ ಓದಲು ಬಂದ ಹಳ್ಳಿ ಹುಡುಗರ ಪಾಡು ಹಿಂದಿನಿಂದಲೂ ಹಾಗೇ. ದಿನಕ್ಕೊಂದು ಮನೆಯಂತೆ ಹಿಡಿದ ವಾರಾನ್ನ, ಜಾತಿಗೊಂದು ಹಾಸ್ಟೆಲು, ಮಠದ ಉಚಿತ ಪ್ರಸಾದ ನಿಲಯ, ರಾಮಕೃಷ್ಣ ಆಶ್ರಮ, ಇವು ಇಲ್ಲದಿದ್ದರೆ ಈ ಕಾಲೇಜಿನ ಹಾಜರಿ ಪುಸ್ತಕ ಅರ್ಧಕ್ಕರ್ಧ ಖಾಲಿ ಇರುತ್ತಿತ್ತು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಹಸಿದ ಹೊಟ್ಟೆಯ ಮೈಸೂರು ಹೇಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭೈರಪ್ಪ ಬರೆದರು, ಹಾಗಾಗಿ ಅವರ ಹಸಿವು ಉಳಿಯಿತು. ಬರೆಯದವರ ಹಸಿವು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ಒಂದು ಕಾಲೇಜಿನ ನೆನಪನ್ನು ಲೇಖಕರ ಕೈಗೇ ಪೂರ್ತಿ ಒಪ್ಪಿಸಿದರೆ ಆಗುವ ನಷ್ಟ ಇದು, ಮತ್ತು ಲೇಖಕರೇ ತುಂಬಿದ್ದ ನಮ್ಮ ಕಾಲೇಜಿಗೆ ಆ ನಷ್ಟ ಉಳಿದವರಿಗಿಂತ ಹೆಚ್ಚು. ಎ.ಕೆ. ರಾಮಾನುಜನ್, ಗೋಪಾಲಕೃಷ್ಣ ಅಡಿಗ, ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಆರ್.ಕೆ. ಲಕ್ಷ್ಮಣ್ ಎಂದು ಸರಮಾಲೆ ಹೇಳಿಮುಗಿಸಿದರೆ ಕಾಲೇಜಿನ ಚರಿತ್ರೆ ಹೇಳಿದಂತಾಯಿತು ಎಂಬ ಭ್ರಮೆ ನಮಗೆ. ತಿ. ನರಸೀಪುರದ ಕಡೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ಆ ಸೀಮೆಗೆಲ್ಲ ಅಕ್ಷರ ಕೊಟ್ಟವನು ಆ ಮಾಲೆಯಲ್ಲಿ ಎಲ್ಲಿ ಬರುತ್ತಾನೆ?

ಹುಡುಕಹೊರಟವರಿಗೆ ಹಳೆಯ ಮೈಸೂರಿನ ಹೆಸರುಗಳೇ ದಾರಿ ತೋರುತ್ತವೆ. ಹೆಸರಿನ ಮುಂದಿನ ಎರಡು ಅಕ್ಷರದಲ್ಲಿ ಊರೂ ಇರುತ್ತದೆ, ತಂದೆಯೂ ಇರುತ್ತಾನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ತಳುಕಿನ ವೆಂಕಣ್ಣಯ್ಯನವರು ಸುಬ್ಬಣ್ಣನವರ ಮಗ ಎಂದು ಗೊತ್ತಿದ್ದರೆ ಟಿ.ಎಸ್. ತಾನೇ ಬಿಚ್ಚಿಕೊಳ್ಳುತ್ತದೆ. ನನ್ನ ಫೋಟೊದಲ್ಲಿ ಕೆ. ಆರ್. ಶ್ರೀನಿವಾಸ ಎಂಬವರು ಇಬ್ಬರಿದ್ದಾರೆ. ಒಬ್ಬ ಕಿಕ್ಕೇರಿಯವನು, ಇನ್ನೊಬ್ಬ ಕೊಳ್ಳೇಗಾಲದವನು. ಅಕ್ಷರ ಬಿಡಿಸಿದ ಮೇಲೆ ಕಿಕ್ಕೇರಿಯವನು ಸುಲಭವಾಗಿ ಸಿಕ್ಕ. ಆ ಊರಿನ ಅಂಗಡಿಯೊಂದಕ್ಕೆ ಹೋಗಿ ತಂದೆಯ ಹೆಸರು ಹೇಳಿದರೆ ಸಾಕಾಯಿತು. ‘ನಮ್ ಮೇಷ್ಟ್ರಾ? ಸಂಜೆ ಕೆರೆ ಏರಿ ಮೇಲೆ ಸಿಕ್ತಾರೆ, ಈಗ ಮಲಗಿರ್ತಾರೆ’ ಅಂದರು ಅಂಗಡಿಯವರು. ಸಿಕ್ಕಿದವನು ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು. ನನ್ನ ಕೈಲಿದ್ದ ಫೋಟೊವನ್ನು ಕಣ್ಣ ಹತ್ತಿರ ತಂದುಕೊಂಡು, ಬೆಳ್ಳಿಹುಳ ತಿಂದಿದ್ದ ಸಾಲಿನ ಹೆಸರುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ. ಅಟೆಂಡರ ಹೆಸರನ್ನೂ ಹೇಳಿದ. ನಾನು ಆ ಕೂಡಲೇ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಇಂಥ ನೆನಪಿನ ಬಲಕ್ಕೆ ನಮ್ಮ ಕಾಲೇಜಿನಲ್ಲೇ ದೊಡ್ಡ ನಿದರ್ಶನವಿದೆ. ಇಲ್ಲಿ ಸಮಾಜತತ್ತ್ವ ಓದಿ ಮುಂದೆ ಜಗತ್ತಿಗೇ ಹೆಸರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಟಿಪ್ಪಣಿ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿದರು. 1976ರಲ್ಲಿ ಬಂದ ‘ದ ರಿಮೆಂಬರ್ಡ್ ವಿಲೇಜ್’ ಆ ಬೂದಿಯಿಂದ ಎದ್ದ ಪುಸ್ತಕ. ಕಾಗದ ಸುಟ್ಟರೂ ಮನುಷ್ಯರ ತಲೆಯಲ್ಲಿ ಇರುತ್ತದೆ. ಆದರೆ ತಲೆಯ ಯಜಮಾನ ಬದುಕಿರುವಾಗ ಕೇಳಿಕೊಳ್ಳಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಅಕ್ಷರದ ಉಪಾಯ ಕೈಕೊಡುತ್ತದೆ. ಮದುವೆಯಾದ ಮೇಲೆ ತಂದೆಯ ಅಕ್ಷರ ಬಿದ್ದು ಗಂಡನ ಅಕ್ಷರ ಬರುತ್ತದೆ, ಊರು ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರೇ ಬದಲಾಗುತ್ತದೆ. ನಮ್ಮ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ, ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿಯರಲ್ಲಿ ಬಹುಪಾಲು ಜನರ ವಿಳಾಸ ಸಂಘದ ಯಾವ ಪುಸ್ತಕದಲ್ಲೂ ಇಲ್ಲ. ಗಂಡಸರು ಮಾಡಿದ ಪಟ್ಟಿಯಲ್ಲಿ ಅವರನ್ನು ಹುಡುಕಿ ಪ್ರಯೋಜನವಿಲ್ಲ. ಅವರವರೇ ಒಬ್ಬರಿಗೊಬ್ಬರು ಬರೆದ ಕಾಗದ, ಮದುವೆಯ ಕರೆಯೋಲೆಗಳಲ್ಲಿ ಹುಡುಕಬೇಕು. ಈ ಕೆಲಸವನ್ನು ಅವರ ಕೈಗೇ ಬಿಡುವುದು ಲೇಸು. ಕೊಟ್ಟು ನೋಡಿದರೆ ನಮಗಿಂತ ಬೇಗ ಮುಗಿಸುತ್ತಾರೆ.

1960ರಲ್ಲಿ ಕುಕ್ಕರಹಳ್ಳಿ ಕೆರೆಯಾಚೆ ಮಾನಸಗಂಗೋತ್ರಿ ತಲೆಯೆತ್ತಿತು. ಹೆಸರಿಟ್ಟವರು ಕುವೆಂಪು. ಸ್ನಾತಕೋತ್ತರ ವಿಭಾಗಗಳು ಅಲ್ಲಿಗೆ ಹೋದವು. ವಿಶ್ವವಿದ್ಯಾಲಯಕ್ಕೆ ಅದರಿಂದ ಆದ ಲಾಭ ಎಲ್ಲರಿಗೂ ಗೊತ್ತು. ಹಳೆಯ ಕಾಲೇಜಿಗೆ ಆದದ್ದು ಬೇರೆ: ಬಿ.ಎ. ಇಲ್ಲಿ, ಎಂ.ಎ. ಅಲ್ಲಿ ಓದಿದವರು ‘ನಾನು ಗಂಗೋತ್ರಿಯವನು’ ಎಂದು ಹೇಳಿಕೊಳ್ಳತೊಡಗಿದರು. ಮನುಷ್ಯ ತಾನು ಕೊನೆಗೆ ಬಿಟ್ಟ ಬಾಗಿಲನ್ನೇ ನೆನೆಯುತ್ತಾನೆ, ಏನು ಮಾಡುವುದು. ಹಾಗಾಗಿ ಆಮೇಲಿನ ತಂಡಗಳವರು ನಮ್ಮ ಸಭೆಗಳಿಗೆ ಬರುವುದು ಕಡಿಮೆ. ಅವರನ್ನು ದೂರುವ ಮೊದಲು ನಮ್ಮ ಸಭೆಗಳು ಹೇಗಿರುತ್ತವೆಂದು ನೋಡಿಕೊಳ್ಳಬೇಕು. ಶತಮಾನೋತ್ಸವ ಭವನದ ಮುಂದೆ ಸ್ವಾಗತ ಕಮಾನು, ಗಣ್ಯರಿಗೆ ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ಒಂದು ಗಂಟೆ ತಡವಾಗಿ ಬಂದ ಮುಖ್ಯ ಅತಿಥಿಯ ಭಾಷಣ, ಅದರಲ್ಲಿ ಮತ್ತೆ ಅದೇ ಸಾರೋಟು. ಐವತ್ತು ವರ್ಷದ ಮೇಲೆ ಒಬ್ಬರನ್ನೊಬ್ಬರು ನೋಡಲು ಶಿವಮೊಗ್ಗದಿಂದ, ಮಡಿಕೇರಿಯಿಂದ ಬಸ್ಸು ಹತ್ತಿ ಬಂದವರಿಗೆ ಮಾತಾಡಲು ಸಿಗುವುದು ಊಟದ ಸಾಲಿನಲ್ಲಿ ಮಾತ್ರ. ವೇದಿಕೆಯನ್ನೇ ಕಿತ್ತುಹಾಕಿ, ಜೂನಿಯರ್ ಬಿ.ಎ. ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಒಬ್ಬೊಬ್ಬರಾಗಿ ಎದ್ದು ಹೆಸರು ಊರು ಹೇಳಲಿ ಎಂದು ಬಿಟ್ಟರೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಇನ್ನೊಂದಾಗಲಾರದು.

ವಾಟ್ಸಾಪ್ ಗುಂಪು ಇದೆಯಲ್ಲ ಎನ್ನುತ್ತಾರೆ. ಇದೆ. ಬೆಳಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಆರೋಗ್ಯ ಸಲಹೆ, ರಾತ್ರಿ ರಾಜಕೀಯದ ಜಗಳ. ನಡುವೆ ಎಂದಾದರೊಮ್ಮೆ ‘ಓಂ ಶಾಂತಿ’. ಆಗಲೇ ಗೊತ್ತಾಗುವುದು, ಹೋದವನು ಇಷ್ಟು ವರ್ಷ ನಮ್ಮ ಪಕ್ಕದ ಬಡಾವಣೆಯಲ್ಲೇ ಇದ್ದನೆಂದು. ‘ಮೈಸೂರು ಮಿತ್ರ’, ‘ಆಂದೋಲನ’ಗಳ ನಿಧನ ವಾರ್ತೆಯ ಅಂಕಣದಲ್ಲಿ ಸಹಪಾಠಿಯ ಈಗಿನ ಮುಖ ಮೊದಲ ಸಲ ಕಂಡವರು ನಮ್ಮಲ್ಲಿ ಎಷ್ಟು ಜನವಿಲ್ಲ? ಹಳೆಯ ಪದವೀಧರರನ್ನು ಮನೆ ಬಾಗಿಲವರೆಗೆ ಹುಡುಕಿಕೊಂಡು ಬರುವ ವಿದ್ಯೆ ಬಲ್ಲವರು ಒಬ್ಬರೇ, ವಿಧಾನ ಪರಿಷತ್ತಿನ ದಕ್ಷಿಣ ಪದವೀಧರರ ಕ್ಷೇತ್ರದ ಅಭ್ಯರ್ಥಿಗಳು. 6 ವರ್ಷಕ್ಕೊಮ್ಮೆ ಅವರಿಗೆ ನಮ್ಮ ಪದವಿ ನೆನಪಾಗುತ್ತದೆ. ಓಟಿಗಾಗಿ ಆಗುವ ಕೆಲಸ ಸ್ನೇಹಕ್ಕಾಗಿ ಆಗದೇನು?

ಆದ್ದರಿಂದ ಸಂಘದ ಮುಂದೆ ನನ್ನದೊಂದೇ ಬೇಡಿಕೆ. ಈ ಸಲ ಹೊಸ ಕಮಾನು ಬೇಡ, ಹೊಸ ಪುತ್ಥಳಿಯೂ ಬೇಡ. ಒಂದು ಹೆಸರಿನ ಪುಸ್ತಕ ಮಾಡೋಣ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಓದಿದರು, ಊರು ಯಾವುದು, ಎಲ್ಲಿ ಉಳಿದುಕೊಂಡು ಓದಿದರು, ಮುಂದೆ ಏನು ಕೆಲಸ ಮಾಡಿದರು, ಇಷ್ಟು ಸಾಕು. ಪದಕ, ಪ್ರಶಸ್ತಿಗಳಿಗೆ ಅಂಕಣ ಬೇಡ. ಮೇಷ್ಟ್ರುಗಳ ಜೊತೆಗೆ ಅಟೆಂಡರು, ಗುಮಾಸ್ತರು, ಹಾಸ್ಟೆಲಿನ ಅಡಿಗೆಭಟ್ಟರು, ಗ್ರಂಥಾಲಯದವರು ಇವರಿಗೂ ಪುಟವಿರಲಿ. ಕೆಲಸವನ್ನು ತೀರ ಹಿರಿಯ ತಂಡದಿಂದ ಶುರುಮಾಡಬೇಕು, ಏಕೆಂದರೆ ಅವರಿಗೆ ಕಾಯಲು ವೇಳೆಯಿಲ್ಲ.

ಈ ಸಂಚಿಕೆಯ ಕೊನೆಯಲ್ಲಿ ಇದಕ್ಕಾಗಿಯೇ ಖಾಲಿ ಪುಟಗಳನ್ನು ಬಿಡುವಂತೆ ಸಂಪಾದಕರನ್ನು ಒಪ್ಪಿಸಿದ್ದೇನೆ. ಓದುಗರಾದ ನೀವು ನಿಮ್ಮ ಮನೆಯ ಗ್ರೂಪ್ ಫೋಟೊವನ್ನು ಗೋಡೆಯಿಂದಲೋ ಅಟ್ಟದಿಂದಲೋ ಇಳಿಸಿ, ಗೊತ್ತಿರುವ ಹೆಸರುಗಳನ್ನು ಮೊದಲು ಅದರ ಹಿಂಬದಿಗೆ, ಆಮೇಲೆ ಈ ಪುಟಗಳಿಗೆ ಬರೆಯಿರಿ. ಫೋಟೊದ ದಿನ ಬಾರದೆ ಹೋದವರನ್ನು ಬಿಡಬೇಡಿ. ಹೆಸರಿನ ಮುಂದಿನ ಅಕ್ಷರಗಳನ್ನು ದಯವಿಟ್ಟು ಬಿಡಿಸಿ ಬರೆದು, ಪುಟಗಳನ್ನು ಕತ್ತರಿಸಿ ಸಂಘಕ್ಕೆ ತಲುಪಿಸಿ.